ಕೋವಿಗೆ ನಾಮಕರಣ

ಅಮೆರಿಕದಲ್ಲಿ ಬಂದೂಕಿನ ಬಗ್ಗೆ ಜಗಳ ನಡೆಯುತ್ತಿದೆ ಎಂದು ನಂಬಿರುವವರು ಮೊದಲು ಒಂದು ಟೇಪು ಕೊಂಡು ತರಬೇಕು. ದರ್ಜಿಯ ಟೇಪಾದರೂ ಸಾಕು. ಅಲ್ಲಿ ನಡೆಯುತ್ತಿರುವುದು ಅಳತೆಯ ಜಗಳ, ಅದರ ಬೆನ್ನಿಗೆ ಹೆಸರಿನ ಜಗಳ. ಎದುರಿಗಿರುವ ವಸ್ತುವಿನಿಂದ ಎಷ್ಟು ಜನ ಸತ್ತರು ಎಂಬುದು ಆಮೇಲಿನ ಮಾತು. ಅದನ್ನು ಏನೆಂದು ಕರೆಯಬೇಕು ಎಂಬುದರಲ್ಲೇ ಆ ದೇಶದ ಬುದ್ಧಿವಂತ ವಕೀಲರ ತೊಂಬತ್ತು ವರ್ಷ ಕಳೆದುಹೋಗಿದೆ.

ಎಆರ್-15 ಮಾದರಿಯ ಒಂದು ಕೋವಿ ತೆಗೆದುಕೊಳ್ಳಿ. ನಳಿಕೆ ಹತ್ತೂವರೆ ಇಂಚು. ಹಿಂದೆ ಭುಜಕ್ಕೆ ಆನಿಸುವ ಸ್ಟಾಕ್ ಇದ್ದರೆ ಅದು ‘ಗಿಡ್ಡ ನಳಿಕೆಯ ರೈಫಲ್’. 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಂತೆ ನೋಂದಾಯಿಸದೆ ಇಟ್ಟುಕೊಂಡರೆ ಹತ್ತು ವರ್ಷದವರೆಗೆ ಜೈಲು. ಅದಕ್ಕೇ 16 ಇಂಚಿನ ನಳಿಕೆ ಸಿಕ್ಕಿಸಿದರೆ ಮರ್ಯಾದಸ್ಥ ರೈಫಲ್. ನಳಿಕೆ ಹತ್ತೂವರೆಯೇ ಇದ್ದು, ಸ್ಟಾಕ್ ಇಲ್ಲದೆ ಮೊದಲಿನಿಂದಲೇ ಜೋಡಿಸಿದ್ದರೆ ಪಿಸ್ತೂಲು. ಮೊದಲಿನಿಂದಲೇ ಎಂಬುದು ಮುಖ್ಯ. ರೈಫಲ್ ಆಗಿ ಹುಟ್ಟಿದ್ದರ ಸ್ಟಾಕ್ ಕಿತ್ತು ನಳಿಕೆ ಕತ್ತರಿಸಿದರೆ ಅದು ಪಿಸ್ತೂಲಾಗುವುದಿಲ್ಲ. ಪಿಸ್ತೂಲಾಗಿ ಹುಟ್ಟಿದ್ದು ಮಾತ್ರ ರೈಫಲ್ ಆಗಿ, ಬೇಸರವಾದರೆ ಮತ್ತೆ ಪಿಸ್ತೂಲಾಗಬಹುದು. ಹುಟ್ಟಿನ ಲೆಕ್ಕ ನಮ್ಮಲ್ಲಿ ಮಾತ್ರ ನಡೆಯುತ್ತದೆ ಎಂದು ಬೇಸರಪಟ್ಟುಕೊಂಡವರು ಸಮಾಧಾನ ಮಾಡಿಕೊಳ್ಳಬಹುದು.

ಅಳೆಯುವ ಕ್ರಮವನ್ನೂ ಬಂದೂಕಿನ ಉಸ್ತುವಾರಿಯ ಎಟಿಎಫ್ ಇಲಾಖೆಯೇ ಹೇಳಿಕೊಟ್ಟಿದೆ. ಕೋವಿ ಖಾಲಿ ಮಾಡಿ, ಬೋಲ್ಟ್ ಮುಚ್ಚಿ, ನಳಿಕೆಯ ಬಾಯಿಂದ ಒಂದು ಕೋಲು ಇಳಿಬಿಡಬೇಕು. ಕೋಲು ತಳ ಮುಟ್ಟಿದಾಗ ಬಾಯಿಯ ಬಳಿ ಗುರುತು ಹಾಕಿ ಹೊರಗೆಳೆದು ಅಳೆಯಬೇಕು. ಅರ್ಧ ಇಂಚು ಕಡಿಮೆ ಬಂತೋ? ನಳಿಕೆಯ ತುದಿಗೆ ಒಂದು ಟೊಪ್ಪಿ ತಿರುಗಿಸಿ, ಪಿನ್ನು ಹೊಡೆದು, ಪಿನ್ನಿನ ತಲೆಯ ಮೇಲೆ ವೆಲ್ಡಿಂಗ್ ಮಾಡಿಸಿದರೆ ಟೊಪ್ಪಿಯ ಉದ್ದವೂ ನಳಿಕೆಯ ಲೆಕ್ಕಕ್ಕೆ ಸೇರುತ್ತದೆ. ಬರಿದೇ ತಿರುಗಿಸಿಟ್ಟರೆ ಸೇರುವುದಿಲ್ಲ. ಅಲ್ಲಿ ಗೃಹಸ್ಥನಿಗೂ ಅಪರಾಧಿಗೂ ನಡುವೆ ನಿಂತಿರುವುದು ಒಬ್ಬ ವೆಲ್ಡರ್.

ಈ ಇಂಚಿನ ಲೆಕ್ಕ ಯಾಕೆ? 1934ರ ಮಸೂದೆಯ ಮೊದಲ ಕರಡಿನಲ್ಲಿ ಕೈಬಂದೂಕುಗಳೇ ಮುಖ್ಯ ಗುರಿಯಾಗಿದ್ದವು. ಪಿಸ್ತೂಲಿಗೆ ಕಡಿವಾಣ ಬಿದ್ದರೆ ಜನ ರೈಫಲನ್ನೇ ಗರಗಸದಲ್ಲಿ ಕೊಯ್ದು ಕೋಟಿನೊಳಗೆ ಬಚ್ಚಿಡುತ್ತಾರೆ, ಆದ್ದರಿಂದ ಗಿಡ್ಡ ನಳಿಕೆಗೂ ತಡೆ ಇರಲಿ ಎಂದು ಒಂದು ಸಾಲು ಸೇರಿಸಿದರು. ಆಮೇಲೆ ವಿರೋಧ ಬಂದು ಪಿಸ್ತೂಲನ್ನು ಮಸೂದೆಯಿಂದ ಕೈಬಿಟ್ಟರು. ಗರಗಸದ ಸಾಲನ್ನು ತೆಗೆಯಲು ಯಾರಿಗೂ ನೆನಪಾಗಲಿಲ್ಲ. ಹೊಲ ಮಾರಿಹೋಯಿತು, ಬೇಲಿ ಮಾತ್ರ ಇವತ್ತಿಗೂ ನಿಂತಿದೆ, ಮುಟ್ಟಿದವನಿಗೆ ಹತ್ತು ವರ್ಷ. ನೋಂದಣಿಗೆ ಆಗ ಇಟ್ಟ 200 ಡಾಲರ್ ತೆರಿಗೆ ತೊಂಬತ್ತು ವರ್ಷ ಅಲುಗಲಿಲ್ಲ. 2026ರ ಜನವರಿ 1ರಿಂದ ಗಿಡ್ಡ ರೈಫಲಿಗೂ ಸದ್ದಡಗಿಸುವ ಸೈಲೆನ್ಸರಿಗೂ ಅದನ್ನು ಸೊನ್ನೆ ಮಾಡಿದ್ದಾರೆ. ಅರ್ಜಿ, ಫೋಟೊ, ಬೆರಳಚ್ಚು ಎಲ್ಲ ಹಾಗೆಯೇ ಇವೆ. ಸೊನ್ನೆ ಡಾಲರ್ ಕಟ್ಟಿ ರಸೀದಿ ಪಡೆಯಬೇಕು. ತೆರಿಗೆಯೇ ಇಲ್ಲದ ಮೇಲೆ ನೋಂದಣಿ ಯಾವ ಆಧಾರದ ಮೇಲೆ ಎಂದು ದಾವೆ ಹೂಡಿದವರಿದ್ದಾರೆ. ಹೂಡದಿದ್ದರೆ ಅದು ಅಮೆರಿಕವೇ ಅಲ್ಲ.

ಇನ್ನು ‘ಬ್ರೇಸ್’ ಎಂಬುದರ ಕಥೆ. ಅಂಗವಿಕಲ ಮಾಜಿ ಯೋಧರು ಒಂದೇ ಕೈಯಲ್ಲಿ ಭಾರದ ಪಿಸ್ತೂಲು ಹಿಡಿಯಲೆಂದು ಮೊಣಕೈ ಕೆಳಗೆ ಕಟ್ಟಿಕೊಳ್ಳುವ ಪಟ್ಟಿ ಅದು. ಎಟಿಎಫ್ ಇದಕ್ಕೆ 2012ರಲ್ಲಿ ಅಸ್ತು ಎಂದಿತು. ಮದ್ಯ, ತಂಬಾಕು, ಬಂದೂಕು, ಸ್ಫೋಟಕ ನಾಲ್ಕನ್ನೂ ಒಂದೇ ಬೋರ್ಡಿನಡಿ ನೋಡಿಕೊಳ್ಳುವ ಇಲಾಖೆ ಇದು. ಹೆಸರು ಓದಿದರೆ ಹೆದ್ದಾರಿ ಬದಿಯ ಅಂಗಡಿ ಎನಿಸುತ್ತದೆ. ಜನ ಬ್ರೇಸನ್ನು ಕೊಂಡು ಸೀದಾ ಭುಜಕ್ಕೆ ಆನಿಸಿಕೊಂಡರು. 2015ರ ಜನವರಿಯಲ್ಲಿ ಇಲಾಖೆ ಬಹಿರಂಗ ಪತ್ರ ಬರೆಯಿತು: ಭುಜಕ್ಕೆ ಆನಿಸಿದರೆ ಅದು ‘ಮರುವಿನ್ಯಾಸ’. ಅಂದರೆ ಮೇಜಿನ ಮೇಲಿದ್ದಾಗ ಪಿಸ್ತೂಲು, ಭುಜ ತಾಗಿದ ಗಳಿಗೆಯಲ್ಲಿ ರೈಫಲ್, ಕೆಳಗಿಳಿಸಿದರೆ ಮತ್ತೆ ಪಿಸ್ತೂಲು. ಮಡಿಯಲ್ಲಿದ್ದವರನ್ನು ಮುಟ್ಟಿದ ಹಾಗೆ. 2017ರಲ್ಲಿ ಇನ್ನೊಂದು ಪತ್ರ: ಅಪ್ಪಿತಪ್ಪಿ ತಾಗಿದರೆ ಮೈಲಿಗೆಯಿಲ್ಲ. 2023ರ ಜನವರಿಯಲ್ಲಿ ಹೊಸ ನಿಯಮ: ಇಂಥ ಬಹುಪಾಲು ಕೋವಿಗಳು ರೈಫಲ್ಲೇ, 120 ದಿನದೊಳಗೆ ನೋಂದಾಯಿಸಿ. ರಾತ್ರಿ ಬೆಳಗಾಗುವುದರೊಳಗೆ ಲಕ್ಷಾಂತರ ಜನ ಸಂಭಾವ್ಯ ಅಪರಾಧಿಗಳಾದರು. 2024ರ ಜೂನ್‌ನಲ್ಲಿ ಟೆಕ್ಸಾಸಿನ ಫೆಡರಲ್ ಕೋರ್ಟು ಆ ನಿಯಮವನ್ನೇ ರದ್ದು ಮಾಡಿತು. ಇಷ್ಟೆಲ್ಲ ಆಗುವಾಗ ಬೀರುವಿನಲ್ಲಿದ್ದ ಕೋವಿಯ ಒಂದು ಸ್ಕ್ರೂ ಕೂಡ ಅಲುಗಿರಲಿಲ್ಲ.

ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ, ಲೈಸೆನ್ಸಿನಿಂದ ಅವರಿಗೆ ವಿನಾಯಿತಿಯೂ ಇದೆ. ಆದರೆ ಅಲ್ಲಿ ಕೋವಿಯನ್ನು ಕೋವಿ ಎಂದೇ ಕರೆಯುತ್ತಾರೆ, ಮೊಣಕೈ ಪಟ್ಟಿ ಎನ್ನುವುದಿಲ್ಲ.

ಹೆಸರಿನ ಆಟದ ಮೇರುಕೃತಿ ಬಂಪ್ ಸ್ಟಾಕ್. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನ ಹೋಟೆಲೊಂದರ 32ನೇ ಮಹಡಿಯಿಂದ ಒಬ್ಬ ಸಂಗೀತ ಕಛೇರಿಯ ಜನಸಂದಣಿಯ ಮೇಲೆ ಸುಮಾರು ಹತ್ತು ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದ. ಅವನ ಹಲವು ರೈಫಲ್‌ಗಳಿಗೆ ಈ ಪ್ಲಾಸ್ಟಿಕ್ ಸ್ಟಾಕ್ ಇತ್ತು. ಗುಂಡು ಹಾರಿದ ರಭಸಕ್ಕೆ ಕೋವಿ ಹಿಂದೆ ಜಾರುತ್ತದೆ, ಮುಂದಿನ ಕೈ ಅದನ್ನು ಮುಂದಕ್ಕೆ ತಳ್ಳುತ್ತಿರುತ್ತದೆ, ಬೆರಳು ಇದ್ದಲ್ಲೇ ಇರುತ್ತದೆ, ಟ್ರಿಗರ್ ತಾನೇ ಬಂದು ಬೆರಳಿಗೆ ಬಡಿಯುತ್ತದೆ. ಮರುವರ್ಷ ಟ್ರಂಪ್ ಸರ್ಕಾರವೇ ಇದನ್ನು ಮಷಿನ್‌ಗನ್ ಎಂದು ಕರೆದು ನಿಷೇಧಿಸಿತು. 2024ರ ಜೂನ್ 14ರಂದು ಸುಪ್ರೀಂ ಕೋರ್ಟು 6–3ರಿಂದ ಅದನ್ನು ತಳ್ಳಿಹಾಕಿತು. 1934ರ ಕಾಯ್ದೆಯಲ್ಲಿ ಮಷಿನ್‌ಗನ್ ಎಂದರೆ ಟ್ರಿಗರ್‌ನ ‘ಒಂದು ಕ್ರಿಯೆ’ಗೆ ತಾನಾಗಿ ಹಲವು ಗುಂಡು ಹಾರಿಸುವುದು. ಇಲ್ಲಿ ಪ್ರತಿ ಗುಂಡಿಗೂ ಟ್ರಿಗರ್ ಒಳಗೆ ಚಿಕ್ಕದೊಂದು ಕೊಕ್ಕೆ ಬಿಡಿಸಿಕೊಂಡು ಮತ್ತೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಇವು ಹಲವು ಕ್ರಿಯೆಗಳು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಇದನ್ನು ತೀರ್ಪಿನೊಳಗೆ ಟ್ರಿಗರ್‌ನ ಚಿತ್ರಗಳನ್ನೇ ಹಾಕಿ ವಿವರಿಸಿದ್ದಾರೆ. ಐಟಿಐ ಪಠ್ಯಪುಸ್ತಕಕ್ಕೆ ಹೇಳಿ ಮಾಡಿಸಿದಂತಿದೆ. ಬಾತಿನಂತೆ ನಡೆದು, ಈಜಿ, ಕೂಗುವುದನ್ನು ನಾನು ಬಾತು ಎನ್ನುತ್ತೇನೆ ಎಂದು ಭಿನ್ನಮತದಲ್ಲಿ ಬರೆದ ಸೋನಿಯಾ ಸೊಟೊಮೇಯರ್‌ಗೆ ಮೂರೇ ಮತ. ಬಾತಿನ ಒಳಗಿನ ಕೊಕ್ಕೆಯನ್ನು ಅವರು ನೋಡಿರಲಿಲ್ಲ.

ನಿಷೇಧ ಬೇಕೆನ್ನುವವರೂ ಕಡಿಮೆಯೇನಲ್ಲ. 1994ರಲ್ಲಿ ಅವರು ಗೆದ್ದು ‘ಅಸಾಲ್ಟ್ ವೆಪನ್’ ನಿಷೇಧ ತಂದರು. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಬಿಚ್ಚಿ ಹಾಕಬಹುದಾದ ರೈಫಲಿಗೆ ಐದು ಲಕ್ಷಣಗಳಲ್ಲಿ ಎರಡಿದ್ದರೆ ನಿಷಿದ್ಧ: ಮಡಚುವ ಸ್ಟಾಕ್, ಪಿಸ್ತೂಲಿನಂಥ ಹಿಡಿ, ಬಯೊನೆಟ್ ಕಟ್ಟುವ ಕೊಂಡಿ, ನಳಿಕೆಯ ಬೆಂಕಿ ಮರೆಮಾಡುವ ಟೊಪ್ಪಿ, ಗ್ರನೇಡ್ ಲಾಂಚರ್. ಅಮೆರಿಕದ ಬೀದಿಗಳಲ್ಲಿ ಬಯೊನೆಟ್ ಚುಚ್ಚಿ ಕೊಲ್ಲುವ ಪಿಡುಗು ಅಷ್ಟು ಹಬ್ಬಿತ್ತೇ ಎಂದು ಕೇಳಬೇಡಿ. ತಯಾರಕರು ಕೊಂಡಿ ಉಜ್ಜಿ, ಟೊಪ್ಪಿ ತೆಗೆದು, ಬೇರೆ ಹೆಸರಿಟ್ಟು ಅದೇ ಕೋವಿ ಮಾರಿದರು. ಹತ್ತಕ್ಕಿಂತ ಹೆಚ್ಚು ಗುಂಡಿನ ಮ್ಯಾಗಜಿನ್‌ಗೂ ನಿಷೇಧವಿತ್ತು, ಆದರೆ ಆವರೆಗೆ ತಯಾರಾಗಿದ್ದವಕ್ಕೆ ಅಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದು ಕಾಯ್ದೆ ತಾನೇ ಸತ್ತಿತು. ಮ್ಯಾಗಜಿನ್ ತೆಗೆಯಲು ‘ಉಪಕರಣ’ ಬೇಕಾಗುವಂತಿರಬೇಕು ಎಂದು ಕ್ಯಾಲಿಫೋರ್ನಿಯ ಹೇಳಿದಾಗ ಮಾರುಕಟ್ಟೆಗೆ ಬಂದ ಗುಂಡಿಯ ಹೆಸರು ‘ಬುಲೆಟ್ ಬಟನ್’. ನಿಯಮದ ಪ್ರಕಾರ ಗುಂಡಿನ ಮೊನೆಯೂ ಒಂದು ಉಪಕರಣ. ಅದನ್ನು ಮುಚ್ಚಲು 2016ರಲ್ಲಿ ಇನ್ನೊಂದು ಕಾಯ್ದೆ ಬೇಕಾಯಿತು.

ಜನಾಭಿಪ್ರಾಯ ಏನು ಎಂದರೆ, ಇಡೀ ವ್ಯವಹಾರದಲ್ಲಿ ಅತ್ಯಂತ ಸ್ಪಷ್ಟವಾಗಿರುವುದೂ ಅದೇ, ಯಾರಿಗೂ ಬೇಡವಾದದ್ದೂ ಅದೇ. ಪ್ರತಿ ಮಾರಾಟಕ್ಕೂ ಕೊಳ್ಳುವವನ ಪೂರ್ವಾಪರ ತಪಾಸಣೆ ಆಗಲಿ ಎನ್ನುವವರು ಸಮೀಕ್ಷೆಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಜನ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ದೊಡ್ಡವರೂ ಸತ್ತ ಮೇಲೆ, ಅಂಗಡಿಯ ಆಚೆಗಿನ ಮಾರಾಟವನ್ನೂ ತಪಾಸಣೆಗೆ ತರುವ ತಿದ್ದುಪಡಿ ಸೆನೆಟ್ಟಿಗೆ ಬಂತು. 2013ರ ಏಪ್ರಿಲ್ 17ರಂದು ಪರವಾಗಿ 54, ವಿರುದ್ಧ 46. ಸೋತಿತು. ಬೇಕಿದ್ದದ್ದು 60. ವಿರುದ್ಧ ಬಿದ್ದ 46ರಲ್ಲಿ ಒಂದು ಮತ ಪರವಾಗಿದ್ದವರ ನಾಯಕ ಹ್ಯಾರಿ ರೀಡ್ ಅವರದು. ಗೆದ್ದ ಕಡೆಯವರು ಮಾತ್ರ ಮರುಪರಿಶೀಲನೆ ಕೇಳಬಹುದೆಂಬ ನಿಯಮಕ್ಕಾಗಿ ಅವರು ತಮ್ಮದೇ ಪ್ರಸ್ತಾವಕ್ಕೆ ಬೇಡ ಎಂದರು.

ಕಠಿಣ ಕಾನೂನು ಬೇಕೇ ಎಂದು ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ ಕೇಳಿದರೆ ಹತ್ಯಾಕಾಂಡವಾದ ತಿಂಗಳು ಅಂಕೆ ಏರುತ್ತದೆ, ಆಮೇಲೆ ಇಳಿಯುತ್ತದೆ. ಟೆಕ್ಸಾಸಿನ ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತು, 376 ಪೊಲೀಸರು ಜಮಾಯಿಸಿಯೂ ಒಳಗೆ ನುಗ್ಗಲು 77 ನಿಮಿಷ ತೆಗೆದುಕೊಂಡ 2022ರಲ್ಲಿ, ಜೂನ್‌ನಲ್ಲಿ ಶೇ 66, ಅಕ್ಟೋಬರ್‌ನಲ್ಲಿ ಶೇ 57. ರಾಜಕಾರಣಿ ಮಾಡಬೇಕಾದದ್ದು ಇಷ್ಟೆ: ಪ್ರಾರ್ಥನೆ, ತಲೆ ತಗ್ಗಿಸಿದ ಫೋಟೊ, ನಾಲ್ಕು ತಿಂಗಳ ತಾಳ್ಮೆ. ಆ ಘಟನೆಯ ಮೂರನೇ ದಿನ ಹೂಸ್ಟನ್‌ನಲ್ಲಿ ಬಂದೂಕಿನ ಪರ ಲಾಬಿ ನಡೆಸುವ ರಾಷ್ಟ್ರೀಯ ರೈಫಲ್ ಸಂಘದ ಸಮಾವೇಶವಿತ್ತು. ಟ್ರಂಪ್ ಭಾಷಣದ ಸಭಾಂಗಣಕ್ಕೆ ಕೋವಿ ತರುವಂತಿರಲಿಲ್ಲ.

ಈಗಿರುವ ತಪಾಸಣೆಯಾದರೂ ಹೇಗೆ? ಲೈಸೆನ್ಸಿನ ಅಂಗಡಿಯಲ್ಲಿ 4473 ಎಂಬ ನಮೂನೆ ತುಂಬಬೇಕು. ನೀವು ನ್ಯಾಯಾಲಯದಿಂದ ತಲೆಮರೆಸಿಕೊಂಡವರೇ ಎಂದು ಅದರಲ್ಲಿ ಕೇಳಿದ್ದಾರೆ, ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಎಫ್‌ಬಿಐ ಮೂರು ಕೆಲಸದ ದಿನಗಳೊಳಗೆ ಬೇಡ ಎನ್ನದಿದ್ದರೆ ಅಂಗಡಿಯವನು ಕೋವಿ ಕೊಡಬಹುದು. 2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನಿಗೆ ಕೋವಿ ಸಿಕ್ಕಿದ್ದು ಹಾಗೆ. ಸರಿ ಎಂದು ಬಂದ ತಪಾಸಣೆಯ ದಾಖಲೆಯನ್ನು ಸರ್ಕಾರ 24 ಗಂಟೆಯೊಳಗೆ ಅಳಿಸಬೇಕು, ಅದೂ ಕಾನೂನು.

ಅಪರಾಧ ನಡೆದ ಜಾಗದಲ್ಲಿ ಕೋವಿ ಸಿಕ್ಕಿತು ಎನ್ನಿ. ಅದು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಎಟಿಎಫ್ ಕೇಂದ್ರದ ಕೆಲಸ. ಕೋವಿ ಯಾರ ಬಳಿ ಇದೆ ಎಂಬ ಪಟ್ಟಿಯನ್ನು ಸರ್ಕಾರ ಇಟ್ಟುಕೊಳ್ಳಬಾರದೆಂದು 1986ರ ಕಾಯ್ದೆ ಹೇಳುತ್ತದೆ. ಆದ್ದರಿಂದ ಮೊದಲು ತಯಾರಕನಿಗೆ ಫೋನು, ಅವನಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ. ಅಂಗಡಿ ಬಾಗಿಲು ಹಾಕಿದ್ದರೆ ಅದರ ಕಾಗದಗಳೆಲ್ಲ ಡಬ್ಬಗಳಲ್ಲಿ ಇಲ್ಲಿಗೇ ಬಂದಿರುತ್ತವೆ. ಭಾರಕ್ಕೆ ಕಟ್ಟಡದ ನೆಲ ಕುಸಿಯಬಹುದೆಂದು ಎಷ್ಟೋ ಡಬ್ಬಗಳನ್ನು ಹೊರಗೆ ಕಂಟೇನರ್‌ಗಳಲ್ಲಿ ಇಟ್ಟಿದ್ದರು. ಸ್ಕ್ಯಾನ್ ಮಾಡಿದ್ದಾರೆ, ಆದರೆ ಬರೀ ಚಿತ್ರವಾಗಿ. ಕಂಪ್ಯೂಟರಿನಲ್ಲಿ ಹೆಸರು ಟೈಪಿಸಿ ಹುಡುಕುವಂತಿಲ್ಲ. ಗುಮಾಸ್ತ ಒಂದೊಂದೇ ಪುಟ ಸರಿಸುತ್ತಾ ಹೋಗಬೇಕು, ಕಾಫಿ ಕಲೆ, ನೀರು ಬಿದ್ದು ಹಬ್ಬಿದ ಶಾಯಿ ಎಲ್ಲ ದಾಟಿ. ಕೊನೆಗೊಮ್ಮೆ ನಂಬರು ತಾಳೆಯಾಗುತ್ತದೆ, ಕೊಂಡವನ ಹೆಸರು ಸಿಗುತ್ತದೆ, ಪೊಲೀಸರು ಬಾಗಿಲು ತಟ್ಟುತ್ತಾರೆ.

“ಅದಾ? ಹೋದ ವರ್ಷವೇ ಮಾರಿದೆನಲ್ಲ, ಶನಿವಾರದ ಗನ್ ಶೋನಲ್ಲಿ.”

ಯಾರಿಗೆ?

“ಒಬ್ಬ ಬಂದಿದ್ದ. ಹೆಸರು ಕೇಳಲಿಲ್ಲ.”

ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಕೇಳಬೇಕಾಗಿಯೂ ಇಲ್ಲ.