ಕಾಲಿನ ಬಲ ಕುಂದಿದಾಗ ಎಂಟು ದಿನ ಕಾಯಬೇಡಿ

ಬೆಳಿಗ್ಗೆಯಿಂದ ನಮ್ಮ ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಾಯ್ಸ್ ಮೆಸೇಜ್ ಓಡಾಡ್ತಿದೆ: "ಎರಡೂ ಕಾಲಲ್ಲಿ ಬಲ ಇಲ್ಲ ಅಂದ್ರೆ ಅದು ವಾಯು, ಎಂಟು ದಿನ ಎಣ್ಣೆ ತಿಕ್ಕಿ ನೋಡಿ." ಕೇಳಿ ಮೈ ಉರಿದುಹೋಯ್ತು. ಅದು ದೇಹದ ರಕ್ಷಣಾ ಶಕ್ತಿಯೇ ನರಗಳ ಮೇಲೆ ತಿರುಗಿಬೀಳುವ ಗಿಲನ್ ಬಾರೆ ಕಾಯಿಲೆ, ಡಾಕ್ಟರ್‌ಗಳ ಬಾಯಲ್ಲಿ ಜಿಬಿಎಸ್, ಇರಬಹುದು. ಅದು ಉಸಿರಿನವರೆಗೆ ಏರುವುದಕ್ಕೆ ಎಷ್ಟೋ ಸಲ ಎಂಟು ದಿನವೂ ಬೇಡ.

ಲಕ್ವ ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ, ಒಮ್ಮೆಗೇ ಹೊಡೆಯುತ್ತೆ. ಇದು ಎರಡೂ ಪಕ್ಕ, ಹೆಚ್ಚಾಗಿ ಕೆಳಗಿಂದ ಮೇಲಕ್ಕೆ. ಇವತ್ತು ಪಾದದಲ್ಲಿ ಜುಮುಜುಮು, ನಾಳೆ ಕುಕ್ಕರುಗಾಲಲ್ಲಿ ಕೂತವರಿಗೆ ಏಳಲಾಗಲ್ಲ, ಆಮೇಲೆ ಕೈ, ಮುಖ, ನುಂಗುವುದು, ಉಸಿರು. ಹಿಂದಿನ ಕೆಲವು ವಾರಗಳಲ್ಲಿ ಭೇದಿಯೋ ಜ್ವರವೋ ಆಗಿತ್ತಾ ಅಂತ ಕೇಳಿ. ಕ್ಯಾಂಪೈಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾದ ಹೊರಮೈ ನಮ್ಮ ನರದ ಅಂಶವನ್ನೇ ಹೋಲುತ್ತೆ. ಅದನ್ನು ಹೊಡೆಯಲು ದೇಹ ತಯಾರಿಸಿದ್ದು ನರವನ್ನೇ ಹೊಡೆಯುತ್ತೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಈ ಕಾಯಿಲೆಯಿಂದ ಒಟ್ಟೊಟ್ಟಿಗೆ ಜನ ಮಲಗಿದಾಗ ನೀರನ್ನು ಪರೀಕ್ಷೆ ಮಾಡಿದ್ದು ಇದಕ್ಕೇ. ಮಳೆಗಾಲದಲ್ಲಿ ಅಬ್ಬಿ ನೀರು ಕುದಿಸಿಯೇ ಕುಡೀರಪ್ಪ.

"ಬೆರಳಿಗೆ ಆಕ್ಸಿಜನ್ ಅಳೆಯೋ ಕ್ಲಿಪ್ ಹಾಕಿದ್ವಿ, 98 ಇದೆ" ಅಂತ ನೆಮ್ಮದಿಯಾಗಬೇಡಿ. ಎದೆಯ ಸ್ನಾಯು ಸೋಲುತ್ತಿದ್ದರೂ ಆ ಅಂಕಿ ಕೊನೇ ಗಳಿಗೆವರೆಗೂ ಚೆನ್ನಾಗಿರಬಹುದು. ಆಸ್ಪತ್ರೆ ದಾರಿಯಲ್ಲಿ ಉಸಿರು ತುಂಬಾ ಎಳೆದುಕೊಂಡು ಒಂದೇ ಉಸಿರಲ್ಲಿ, ಸೆಕೆಂಡಿಗೆ ಒಂದರಂತೆ ಎಣಿಸಲು ಹೇಳಿ. 20 ದಾಟದಿದ್ದರೆ, ಅಥವಾ ಬೆಳಿಗ್ಗೆ 30 ಎಣಿಸಿದವರು ಸಂಜೆ 22ಕ್ಕೆ ನಿಂತರೆ, ಐಸಿಯು ಬೇಕು. ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುವ ಕಾಯಿಲೆ ಇದು.

"ತಾನಾಗೇ ಇಳಿಯುತ್ತಂತಲ್ಲ" ಅನ್ನೋರಿದ್ದಾರೆ. ಹೌದು, ಆರು ತಿಂಗಳಲ್ಲಿ ಬಹುಪಾಲು ಜನ ನಡೆಯುತ್ತಾರೆ. ಅಲ್ಲೀತನಕ ಉಸಿರು ಉಳಿಸೋರು ಯಾರು? ಇದಕ್ಕೆ ಔಷಧಿ ಇಮ್ಯುನೋಗ್ಲಾಬ್ಯುಲಿನ್, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ, ನರಕ್ಕೆ ಡ್ರಿಪ್ ಹಾಕಿ ಕೊಡುವುದು: ಕೆಜಿ ತೂಕಕ್ಕೆ ದಿನಕ್ಕೆ 0.4 ಗ್ರಾಂನಂತೆ 5 ದಿನ, ಅಂದರೆ 60 ಕೆಜಿಯವರಿಗೆ ದಿನಾ 24 ಗ್ರಾಂ. ದುಬಾರಿ ನಿಜ. ರಕ್ತದ ನೀರಿನಂಶ ತೆಗೆದು ಬೇರೆ ತುಂಬುವ ಪ್ಲಾಸ್ಮಾ ಬದಲಾವಣೆಯೂ ಅಷ್ಟೇ ಕೆಲಸ ಮಾಡುತ್ತೆ, ಕೇಳಿ ನೋಡಿ. ಎರಡೂ ಮೊದಲ ಎರಡು ವಾರದೊಳಗೆ ಶುರುವಾದರೆ ಒಳ್ಳೇದು. ಸ್ಟೀರಾಯ್ಡ್ ಇದಕ್ಕೆ ನಾಟುವುದಿಲ್ಲ. ಬೆನ್ನುನೀರಿನ ಪರೀಕ್ಷೆ ಮೊದಲ ವಾರ ನಾರ್ಮಲ್ ಬಂದರೂ ಕಾಯಿಲೆ ಇಲ್ಲ ಅಂತಲ್ಲ.

ಎಣ್ಣೆ ತಿಕ್ಕಿದ್ದರಿಂದ ಯಾರೂ ಸಾಯಲ್ಲ, ಕಾದದ್ದರಿಂದ ಸಾಯ್ತಾರೆ. ಶಿವಮೊಗ್ಗಕ್ಕೋ ಘಾಟಿ ಇಳಿದು ಮಣಿಪಾಲಕ್ಕೋ ಹೊರಡುವ ಮುಂಚೆ ಫೋನ್ ಮಾಡಿ ವೆಂಟಿಲೇಟರ್ ಖಾಲಿ ಇದೆಯಾ ಕೇಳಿ. ನುಂಗಲು ತೊಡಕಿದ್ದವರ ಬಾಯಿಗೆ ದಾರಿಯಲ್ಲಿ ಕಷಾಯ, ನೀರು ಏನೂ ಹಾಕಬೇಡಿ.