ಶಾಲೆಗೆ ಬೀಗ, ಮನೆಗೆ ಬೀಗರು

2020ರ ಜೂನ್ ತಿಂಗಳ ಮೊದಲ ಭಾನುವಾರ ಮಂಡ್ಯ ಜಿಲ್ಲೆಯ ನಮ್ಮ ಊರಿನಿಂದ ಚಿಕ್ಕಮ್ಮನ ವಿಡಿಯೊ ಕರೆ ಬಂದಾಗ ನಾನು ನಾಟಿಂಗ್‌ಹ್ಯಾಮ್‌ನ ನಮ್ಮ ಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದೆ. ಫೋನಿನಲ್ಲಿ ಕಂಡದ್ದು ಎದುರು ಮನೆಯ ಜಗುಲಿ, ತೆಂಗಿನ ಗರಿಯ ಸಣ್ಣ ಚಪ್ಪರ, ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡಿದ್ದ ಪುರೋಹಿತರು, ಮತ್ತು ಹಿಂದಿನ ವರ್ಷದ ಸಂಕ್ರಾಂತಿಗೆ ನಾನು ಹೋದಾಗ ಒಂಬತ್ತನೆಯ ತರಗತಿಯ ಗಣಿತದ ಪುಸ್ತಕ ಹಿಡಿದು ಲೆಕ್ಕ ಕೇಳಲು ಬಂದಿದ್ದ ಹುಡುಗಿ. ಈಗ ಅವಳ ಹಣೆಗೆ ಬಾಸಿಂಗ ಕಟ್ಟಿದ್ದರು. ಮಾರ್ಚಿನಿಂದ ಮುಂದಕ್ಕೆ ಹೋಗಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಅದೇ ತಿಂಗಳ 25ರಂದು ಶುರುವಾಗುವುದಿತ್ತು. ಹುಡುಗಿಗೆ ಇನ್ನೂ ವಯಸ್ಸಾಗಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ ಚಿಕ್ಕಮ್ಮ, "ಐವತ್ತು ಜನಕ್ಕಿಂತ ಹೆಚ್ಗೆ ಸೇರಬಾರದು ಅಂತ ಸರ್ಕಾರದೋರೇ ಹೇಳವ್ರಲ್ಲ ಕಣಪ್ಪ, ಇಷ್ಟು ಕಮ್ಮಿ ಖರ್ಚಲ್ಲಿ ಮದುವೆ ಇನ್ಯಾವಾಗ ಆಯ್ತದೆ?" ಎಂದರು. ನಾನೂ ಆ ಹೊತ್ತಿಗೆ ಸುಮ್ಮನಾದೆ. ಅದನ್ನು ಒಪ್ಪಿಕೊಳ್ಳದೆ ಮುಂದಿನ ಮಾತು ಬರೆಯುವುದು ಸರಿಯಲ್ಲ.

ಅದೇ ವರ್ಷದ ಇಲ್ಲಿನ ಲೆಕ್ಕ ಹೊರಬಂದಾಗ ನನಗೆ ಆ ಚಪ್ಪರ ನೆನಪಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹದಿನೆಂಟು ತುಂಬದ ಹುಡುಗಿಯರು ಬಸುರಿಯಾದ ಪ್ರಮಾಣ 2019ರಲ್ಲಿ ಸಾವಿರಕ್ಕೆ 15.8 ಇದ್ದದ್ದು 2020ರಲ್ಲಿ 13.1ಕ್ಕೆ ಇಳಿಯಿತು. 1998ರಲ್ಲಿ ಇದು 46ಕ್ಕೂ ಮೇಲಿತ್ತು. ಹತ್ತು ವರ್ಷಗಳಲ್ಲಿ ಇದನ್ನು ಅರ್ಧಕ್ಕೆ ಇಳಿಸಬೇಕೆಂದು ಮರುವರ್ಷ ಇಲ್ಲಿನ ಸರ್ಕಾರ ಯೋಜನೆ ಹಾಕಿಕೊಂಡಾಗಿನಿಂದ ಒಟ್ಟಿನಲ್ಲಿ ಇಳಿಯುತ್ತ ಬಂದಿತ್ತು. ಆದರೆ ಮಹಾಮಾರಿಯ ವರ್ಷದಲ್ಲಿ ಶಾಲೆ, ಕ್ಲಿನಿಕ್ಕುಗಳೆಲ್ಲ ಬಾಗಿಲು ಮುಚ್ಚಿದ್ದರಿಂದ ಇಳಿತ ನಿಂತುಹೋಗಬಹುದೆಂದು ನಾನು ಎಣಿಸಿದ್ದೆ. ಆದದ್ದು ಬೇರೆ.

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಇಲ್ಲಿ ಹದಿನಾರು ಹದಿನೇಳರ ಹುಡುಗಿ ಬಸುರಿಯಾಗುವುದು ಬಹುಪಾಲು ಮನೆಯ ಹೊರಗಿನ ಒಡನಾಟದಿಂದ, ಪಾರ್ಕಿನಲ್ಲಿ, ಪಾರ್ಟಿಯಲ್ಲಿ, ಗೆಳೆಯನ ಮನೆಯಲ್ಲಿ ಹುಟ್ಟಿದ ಸಲಿಗೆಯಿಂದ. ಒಂದು ಮನೆಯವರು ಇನ್ನೊಂದು ಮನೆಯೊಳಗೆ ಕಾಲಿಡಬಾರದೆಂದು ಸರ್ಕಾರ ಆಜ್ಞೆ ಹೊರಡಿಸಿದಾಗ ಆ ಭೇಟಿಗಳೇ ನಿಂತವು. ನಮ್ಮಲ್ಲಿ ಮಾತ್ರ ಹದಿಹರೆಯದ ಬಸಿರಿಗೆ ದಾರಿ ಹೆಚ್ಚಾಗಿ ಮನೆಯ ಒಳಗಿನಿಂದ, ಹಿರಿಯರ ಒಪ್ಪಿಗೆಯಿಂದ, ಎಲೆ ಅಡಿಕೆ ಬದಲಾಯಿಸಿದ ಮೇಲೆ ತೆರೆಯುತ್ತದೆ. ಲಾಕ್‌ಡೌನ್ ಆ ದಾರಿಗೆ ಅಡ್ಡ ಬರುವ ಬದಲು ಅದನ್ನು ಸಲೀಸು ಮಾಡಿತು. ದುಡಿಮೆ ನಿಂತು ಬೆಂಗಳೂರಿನಿಂದ ಗಂಟುಮೂಟೆ ಸಮೇತ ಊರಿಗೆ ಮರಳಿದ ಕುಟುಂಬಗಳಿದ್ದವು. ಶಾಲೆ ಯಾವಾಗ ತೆರೆದೀತೆಂದು ಯಾರಿಗೂ ಗೊತ್ತಿರಲಿಲ್ಲ. ಮೈನೆರೆದ ಹುಡುಗಿ ದಿನವಿಡೀ ಕಣ್ಣೆದುರೇ ಇದ್ದಳು. ಛತ್ರ, ವಾಲಗ, ಊರೂಟ ಯಾವುದೂ ಬೇಕಿರಲಿಲ್ಲ. ಜವಾಬ್ದಾರಿ ಕಳೆದುಕೊಳ್ಳಲು ಬಡ ತಂದೆಗೆ ಅದಕ್ಕಿಂತ ಒಳ್ಳೆಯ ಕಾಲ ಕಾಣಲಿಲ್ಲ. ಅವನನ್ನು ದುಷ್ಟನೆಂದು ಕರೆಯಲು ನನಗೆ ಮನಸ್ಸು ಬಾರದು.

ಕಾನೂನಿನ ದೃಷ್ಟಿಯಿಂದ ನೋಡಿದರೆ ಈ ಹೋಲಿಕೆ ಇನ್ನೂ ವಿಚಿತ್ರವಾಗಿದೆ. ಹೆತ್ತವರ ಒಪ್ಪಿಗೆಯಿದ್ದರೆ ಹದಿನಾರಕ್ಕೇ ಮದುವೆಯಾಗಲು 2020ರಲ್ಲಿ ಇಂಗ್ಲೆಂಡಿನ ಕಾನೂನು ಅವಕಾಶ ಕೊಡುತ್ತಿತ್ತು. ವಯಸ್ಸನ್ನು ಹದಿನೆಂಟಕ್ಕೆ ಏರಿಸಿದ್ದು 2023ರ ಫೆಬ್ರವರಿಯಲ್ಲಿ. ಕರ್ನಾಟಕವಾದರೋ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರುವ ತಿದ್ದುಪಡಿಯನ್ನು ಆ ಹೊತ್ತಿಗಾಗಲೇ ಮಾಡಿಕೊಂಡಿತ್ತು. ಆದರೂ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯಂತೆ 2020ರಲ್ಲಿ ದೇಶದಲ್ಲಿ ದಾಖಲಾದ 785 ಬಾಲ್ಯವಿವಾಹ ಪ್ರಕರಣಗಳಲ್ಲಿ 184 ನಮ್ಮ ರಾಜ್ಯದವು, ಬೇರಾವ ರಾಜ್ಯಕ್ಕಿಂತಲೂ ಹೆಚ್ಚು. ಮರುವರ್ಷ ಅವು 273ಕ್ಕೆ ಏರಿದವು. ದೂರು ಬರೆದುಕೊಳ್ಳುವ ರಾಜ್ಯದಲ್ಲಿ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಎದುರು ಮನೆಯ ಆ ಮದುವೆ 184ರಲ್ಲಿ ಸೇರಿಲ್ಲವೆಂಬುದೂ ನನಗೆ ಗೊತ್ತು.

ಇದಕ್ಕೆ ಉತ್ತರವಾಗಿ ಊರಿನ ಮಿತ್ರರು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಮುಂದೆ ಹಿಡಿಯುತ್ತಾರೆ. ಹದಿನೈದರಿಂದ ಹತ್ತೊಂಬತ್ತರ ವಯಸ್ಸಿನವರಲ್ಲಿ ಆಗಲೇ ತಾಯಿಯಾದವರು ಅಥವಾ ಬಸುರಿಯಾಗಿದ್ದವರು ಕರ್ನಾಟಕದಲ್ಲಿ ಶೇ. 7.8ರಿಂದ ಶೇ. 5.4ಕ್ಕೆ ಇಳಿದಿದ್ದಾರೆಂದು ಅದು ಹೇಳುವುದು ನಿಜ. ಆದರೆ ಕರ್ನಾಟಕದ ಮನೆಗಳಿಗೆ ಸಮೀಕ್ಷೆಯವರು ಹೋದದ್ದು ಮೊದಲ ಸುತ್ತಿನಲ್ಲಿ, 2019ರಲ್ಲಿ, ಅಂದರೆ ಕೊರೊನಾದ ಹೆಸರೂ ಕೇಳಿರದ ಕಾಲದಲ್ಲಿ. ಮಳೆ ಬರುವ ಮುಂಚೆ ಅಳೆದ ಕೆರೆಯ ನೀರನ್ನು ತೋರಿಸಿ ನೆರೆ ಬಂದೇ ಇಲ್ಲವೆನ್ನುವ ವಾದವಿದು.

ಬೀಗ ಬಿದ್ದ ಮೇಲೆ ಸಹಾಯ ಎಲ್ಲಿಂದ ಬರುತ್ತದೆ ಎಂಬುದರಲ್ಲಿಯೂ ಎರಡು ನಾಡುಗಳ ರೀತಿ ಬೇರೆ. ಹದಿನಾರು ತುಂಬದವಳಾದರೂ ವಿಷಯ ಅರಿಯುವ ಬುದ್ಧಿ ಅವಳಿಗಿದೆಯೆಂದು ವೈದ್ಯರಿಗೆ ಮನವರಿಕೆಯಾದರೆ ಹೆತ್ತವರಿಗೆ ತಿಳಿಸದೆಯೇ ಗರ್ಭನಿರೋಧಕದ ಸಲಹೆ ಕೊಡಬಹುದೆಂದು ಆಗ ಇಲ್ಲಿನ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1985ರಲ್ಲಿಯೇ ತೀರ್ಪು ಕೊಟ್ಟಿದೆ. 2020ರ ಮಾರ್ಚ್ ಕೊನೆಯಲ್ಲಿ, ಹತ್ತು ವಾರದೊಳಗಿನ ಗರ್ಭಪಾತದ ಮಾತ್ರೆಯನ್ನು ಫೋನಿನಲ್ಲಿ ಮಾತಾಡಿಸಿ ಅಂಚೆಯಲ್ಲಿ ಮನೆಗೇ ಕಳಿಸುವ ಏರ್ಪಾಡೂ ಆಯಿತು. ಇಲ್ಲಿನ ರೀತಿಯೆಲ್ಲ ನನಗೆ ಹಿತವಾಗಿದೆ ಎಂದಲ್ಲ. ಬಸುರಿಯಾದ ಹುಡುಗಿಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಗರ್ಭಪಾತಕ್ಕೆ ಮೊರೆಹೋಗುವುದು, ಬಡ ಊರುಗಳಲ್ಲಿ ಹದಿಹರೆಯದ ಬಸಿರಿನ ಪ್ರಮಾಣ ಇಂದಿಗೂ ಎತ್ತರದಲ್ಲಿರುವುದು ಹೆಮ್ಮೆಯ ಸಂಗತಿಯಲ್ಲ. ಆದರೆ ಆ ಹುಡುಗಿಗೆ ವೈದ್ಯರ ಬಾಗಿಲು ತಟ್ಟಲು ಭಯವಿಲ್ಲ.

ನಮ್ಮಲ್ಲಿ ಹದಿನೆಂಟು ತುಂಬದವಳು ಬಸುರಿಯಾಗಿ ಬಂದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ವೈದ್ಯರನ್ನು ಕಟ್ಟಿಹಾಕಿದೆ. ದೌರ್ಜನ್ಯಕ್ಕೆ ಸಿಕ್ಕ ಮಗುವಿಗೆ ಈ ಕಾಯ್ದೆ ಆಸರೆಯೇ ಸರಿ. ಹೆತ್ತವರೇ ನಿಂತು ಧಾರೆಯೆರೆದ ಮನೆಯಲ್ಲಿ ಮಾತ್ರ ಗಂಡ, ಮಾವ, ತಂದೆ ಎಲ್ಲರೂ ಜೈಲಿಗೆ ಹೋಗಬೇಕಾದೀತೆಂಬ ಹೆದರಿಕೆ ಹುಟ್ಟಿಸಿ ಅದು ಹುಡುಗಿಯನ್ನು ಆಸ್ಪತ್ರೆಯಿಂದ ದೂರವಿಡುತ್ತದೆ, ಇಲ್ಲವೇ ಅವಳ ಬಾಯಲ್ಲಿ ಸುಳ್ಳು ವಯಸ್ಸು ಹೇಳಿಸುತ್ತದೆ. ಗರ್ಭಪಾತಕ್ಕೆ ಬರುವ ಅಪ್ರಾಪ್ತೆಯೂ ಪೋಷಕರೂ ಕೋರಿದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ಹೇಳಬೇಕಿಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2022ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಲಾಕ್‌ಡೌನ್ ಮದುವೆಗಳ ಮಕ್ಕಳು ಅಂಬೆಗಾಲಿಡುತ್ತಿದ್ದವು.

ನಮಗೆ ಎಚ್ಚರಿಕೆಯ ಪಾಠ ಇಂಗ್ಲೆಂಡಿಗಿಂತ ಆಫ್ರಿಕದಲ್ಲಿತ್ತು. ಸಿಯೆರಾ ಲಿಯೋನ್‌ನಲ್ಲಿ 2014ರ ಎಬೋಲಾ ಹಾವಳಿಗೆ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿ, ಸಾವಿರಾರು ಹುಡುಗಿಯರು ಬಸುರಿಯಾದರು. 2015ರಲ್ಲಿ ಶಾಲೆ ತೆರೆದಾಗ ಹೊಟ್ಟೆ ಕಾಣುವವರು ಒಳಗೆ ಬರಕೂಡದೆಂದು ಅಲ್ಲಿನ ಸರ್ಕಾರ ತಡೆಯಿತು. ಆ ನಿಷೇಧ ತೆಗೆದದ್ದು 2020ರ ಮಾರ್ಚ್ 30ರಂದು. ಆ ದೇಶದ ಮೊದಲ ಕೊರೊನಾ ರೋಗಿ ಪತ್ತೆಯಾದದ್ದು ಮಾರನೆಯ ದಿನ. ಪಶ್ಚಿಮ ಕೀನ್ಯಾದ ಸಿಯಾಯಾದಲ್ಲಿ ಪ್ರೌಢಶಾಲೆಯ ಹುಡುಗಿಯರನ್ನು ಹಿಂಬಾಲಿಸಿ ನಡೆಸಿದ ಅಧ್ಯಯನ, ಲಾಕ್‌ಡೌನಿಗೆ ಸಿಕ್ಕ ತಂಡದಲ್ಲಿ ಓದು ಮುಗಿಯುವ ಮುನ್ನ ಬಸುರಿಯಾಗುವ ಸಂಭವ ಹಿಂದಿನ ತಂಡಕ್ಕಿಂತ ಎರಡು ಪಟ್ಟೆಂದು ಕಂಡುಕೊಂಡಿತು.

ಕರ್ನಾಟಕದಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಗಳು ಎರಡನೆಯ ಅಲೆಯ ನಂತರ ತೆರೆದದ್ದು 2021ರ ಆಗಸ್ಟ್ 23ರಂದು. ಆ ದಿನ ಹಾಜರಿ ಕೂಗುವಾಗ ಯಾವ ಹುಡುಗಿ ಬರಲಿಲ್ಲ, ಅವಳು ಎಲ್ಲಿದ್ದಾಳೆ ಎಂದು ಮನೆಮನೆಗೆ ಹೋಗಿ ಕೇಳಬೇಕಿತ್ತು. ಕೇಳಬಲ್ಲವರು ಆಶಾ ಕಾರ್ಯಕರ್ತೆಯರು. ಆದರೆ ಅವರು ಕೊರೊನಾ ಸಮೀಕ್ಷೆಯಲ್ಲಿ ಹೈರಾಣಾಗಿ, 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಗಿ ಬಂದಿತ್ತು. ಮದುವೆಯ ಮುಂಜಾನೆ ಜೀಪಿನಲ್ಲಿ ಬಂದು ಮುಚ್ಚಳಿಕೆ ಬರೆಸಿಕೊಂಡು ಹೋಗುವ ನಮ್ಮ ಪದ್ಧತಿಗಿಂತ ಶಾಲೆಯ ಹಾಜರಿ ಪುಸ್ತಕವನ್ನು ತಿಂಗಳಿಗೊಮ್ಮೆ ಓದುವ ಪದ್ಧತಿಯಲ್ಲಿ ನನಗೆ ಹೆಚ್ಚು ನಂಬಿಕೆಯಿದೆ.

2022ರಲ್ಲಿ ಊರಿಗೆ ಹೋದಾಗ ಎದುರು ಮನೆಯ ಹುಡುಗಿ ತವರಿಗೆ ಬಂದಿದ್ದಳು. ಮಗುವಿನ ಲಸಿಕೆಯ ತಾರೀಖು ನೋಡಿ ಹೇಳಿ ಮಾವ ಎಂದು ಪ್ಲಾಸ್ಟಿಕ್ ಕವರೊಂದನ್ನು ನನ್ನ ಕೈಗೆ ಕೊಟ್ಟಳು. 2021ರಲ್ಲಿ ಬರೆದ ತಾಯಿ ಕಾರ್ಡಿನಲ್ಲಿ ಅವಳ ವಯಸ್ಸು 19 ಎಂದಿತ್ತು. ಅದರ ಹಿಂದೆಯೇ ಮಡಿಕೆ ಬಿಚ್ಚದೆ ಇಟ್ಟಿದ್ದ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನಲ್ಲಿ ಹುಟ್ಟಿದ ವರ್ಷ 2004.