ನಮ್ಮ ಎಂಎಲ್‌ಎ ವೋಟಿಗೆ 131, ಮಾಕುಟ್ಟದ ಆಚೆ 152

ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ವಿರಾಜಪೇಟೆ ಎಂಎಲ್‌ಎ ಹಾಕುವ ಒಂದು ವೋಟಿಗೆ 131 ಮೌಲ್ಯ. ಮಾಕುಟ್ಟ ಘಾಟಿ ಇಳಿದು ಕೇರಳದ ಇರಿಟ್ಟಿ ಕಡೆ ಹೋದರೆ ಅಲ್ಲಿನ ಎಂಎಲ್‌ಎ ವೋಟಿಗೆ 152. ಇದು ಯಾವ ಲೆಕ್ಕ ಅಂತ ಎಷ್ಟೋ ಜನ ಕೇಳುವುದೇ ಇಲ್ಲ. ರಾಜ್ಯದ ಜನಸಂಖ್ಯೆಯನ್ನು ಎಂಎಲ್‌ಎಗಳ ಸಂಖ್ಯೆಯಿಂದ ಭಾಗಿಸಬೇಕು, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು, ಅಷ್ಟೇ. ಆದರೆ ಆ ಜನಸಂಖ್ಯೆ ಇವತ್ತಿನದಲ್ಲ, 1971ರದ್ದು! ಆಗ ಕರ್ನಾಟಕದಲ್ಲಿ ಇದ್ದದ್ದು 2.93 ಕೋಟಿ ಜನ. 2011ರ ಹೊತ್ತಿಗೇ 6.1 ಕೋಟಿ ಆಗಿದ್ದೆವು.

ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ ಬಂದ 42ನೇ ತಿದ್ದುಪಡಿ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿತು. 2001ರ 84ನೇ ತಿದ್ದುಪಡಿ ಅದನ್ನು ಇನ್ನೂ ಮುಂದಕ್ಕೆ ಎಳೆಯಿತು, 2026ರ ನಂತರದ ಮೊದಲ ಜನಗಣತಿಯ ಅಂಕಿಅಂಶ ಪ್ರಕಟವಾಗುವವರೆಗೆ. ಆ ಕಾಲದ ಬೇರೆ ಎಷ್ಟೋ ತಿದ್ದುಪಡಿಗಳನ್ನು ನಾನು ಒಪ್ಪುವುದಿಲ್ಲ. ಇದನ್ನು ಮಾತ್ರ ಒಪ್ಪುತ್ತೇನೆ. ಕುಟುಂಬ ಯೋಜನೆ ಸರಿಯಾಗಿ ಮಾಡಿದ ರಾಜ್ಯ ಅದೇ ಕಾರಣಕ್ಕೆ ಬಲ ಕಳೆದುಕೊಳ್ಳಬಾರದು ಅಲ್ವಾ?

2011ರ ಜನಸಂಖ್ಯೆ ಇಟ್ಟು ಲೆಕ್ಕ ಹಾಕಿ ನೋಡಿದೆ. ಕರ್ನಾಟಕದ ಎಂಎಲ್‌ಎ ವೋಟು 273ಕ್ಕೆ ಏರುತ್ತದೆ, ಕೇರಳದ್ದು 239. ನಾವು ಮುಂದೆ ಬಂದೆವು ಅಂತ ಖುಷಿಪಡುವ ಹಾಗಿಲ್ಲ, ಯಾಕೆಂದರೆ ಈಗ 208 ಇರುವ ಉತ್ತರ ಪ್ರದೇಶದ್ದು 496 ಆಗುತ್ತದೆ, ಅಲ್ಲಿ ಎಂಎಲ್‌ಎಗಳೇ 403 ಜನ. ಒಟ್ಟು ಲೆಕ್ಕದಲ್ಲಿ ನಮ್ಮ ಪಾಲೂ ಸ್ವಲ್ಪ ಇಳಿಯುತ್ತದೆ, ಕೇರಳದ್ದಂತೂ ತುಂಬಾ. ತಲೆಗೊಂದು ವೋಟು ಅನ್ನುವ ವಾದ ನನಗೂ ಗೊತ್ತು, ಅದರಲ್ಲಿ ನ್ಯಾಯ ಇದೆ. ಆದರೆ ಬರೀ ತಲೆ ಎಣಿಸಿದರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಹೇಳಿಕೊಡಬೇಕಾ? 1952ರಲ್ಲಿ ನಮ್ಮದೇ 24 ಸ್ಥಾನಗಳ ವಿಧಾನಸಭೆ ಇತ್ತು. 1956ರಲ್ಲಿ 7ನೇ ತಿದ್ದುಪಡಿ, ರಾಜ್ಯ ಪುನರ್ವಿಂಗಡಣೆ ಆಗಿ ಅದು ಹೋಯಿತು. 2008ರಲ್ಲಿ ಸೋಮವಾರಪೇಟೆ ಕ್ಷೇತ್ರವೂ ಹೋಯಿತು. ಈಗ ಉಳಿದಿರುವುದು ಎರಡು, ಅಂದರೆ ಇಡೀ ಜಿಲ್ಲೆಯ ಎಂಎಲ್‌ಎ ವೋಟು ಸೇರಿಸಿದರೆ 262.

ಎಲ್ಲರೂ ಸುಮ್ನಿದ್ದರೆ ಹೊಸ ಜನಗಣತಿ ಬಂದ ಕೂಡಲೇ 1971ರ ಲೆಕ್ಕ ತಾನಾಗಿಯೇ ಬಿದ್ದುಹೋಗುತ್ತದೆ, ಅದಕ್ಕೆ ಯಾರೂ ಓಟು ಹಾಕಬೇಕಿಲ್ಲ. ಉಳಿಸಿಕೊಳ್ಳಬೇಕಾದರೆ ಮಾತ್ರ ಹೊಸ ತಿದ್ದುಪಡಿ ಬೇಕು. ರಾಷ್ಟ್ರಪತಿ ಆಯ್ಕೆಯ 54, 55ನೇ ವಿಧಿಗಳನ್ನು ಮುಟ್ಟಬೇಕಾದರೆ ಸಂಸತ್ತು ಒಂದೇ ಸಾಲದು, ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಸಭೆಗಳೂ ಒಪ್ಪಬೇಕು. ಹಾಗಾಗಿ ಇದು ದೆಹಲಿಯ ವಿಷಯ ಅಂತ ನಮ್ಮ ಎಂಎಲ್‌ಎಗಳು ಕೈತೊಳೆದುಕೊಳ್ಳುವ ಹಾಗಿಲ್ಲ. ಮುಂದಿನ ಸಲ ಅವರು ಊರಿಗೆ ಬಂದಾಗ ರಸ್ತೆ, ಆನೆ ಕಂದಕದ ಜೊತೆ ಇದನ್ನೂ ಕೇಳಿ.